ಡಾಂಗಲ್ ಯಾರ ಜೇಬಲ್ಲಿತ್ತು: ಒಬ್ಬ ಅಧ್ಯಕ್ಷೆಯ 30 ತಿಂಗಳು

"ಅಧ್ಯಕ್ಷ್ರು ಬಂದ್ರು" ಅಂತ ಬಿಲ್ ಕಲೆಕ್ಟರ್ ಎದ್ದು ನಿಂತ. ನಾನೂ ಬಾಗಿಲ ಕಡೆ ತಿರುಗಿ ನೋಡ್ದೆ. ಬಿಳಿ ಶರ್ಟು ಹಾಕ್ಕೊಂಡ ಗಂಡಸೊಬ್ರು ಒಳಗೆ ಬಂದು, ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಟೇಬಲ್ ಮುಂದೆ ಚೇರ್ ಎಳ್ಕೊಂಡು ಕೂತು, ಜೇಬಿಂದ ಪೆನ್‌ಡ್ರೈವ್ ಥರದ್ದೊಂದು ತೆಗೆದು ಟೇಬಲ್ ಮೇಲಿಟ್ರು. ಅವರ ಹಿಂದೆ ಎರಡು ಹೆಜ್ಜೆ ಬಿಟ್ಟು ಸೆರಗು ಹೊದ್ಕೊಂಡು ಒಬ್ಬ ಹೆಣ್ಮಗಳು ಬಂದ್ರು, ಕೂರಲಿಲ್ಲ, ಗೋಡೆ ಪಕ್ಕ ನಿಂತ್ರು. ಗೋಡೆ ಮೇಲಿನ ಬೋರ್ಡಲ್ಲಿ 'ಅಧ್ಯಕ್ಷರು' ಅಂತ ಬರೆದು ಮುಂದೆ ಹೆಸರಿದ್ದಿದ್ದು ಆ ಹೆಣ್ಮಗಳದ್ದು. ಹೆಸರಿನ ಮುಂದೆ ಇದ್ದ ಮೊಬೈಲ್ ನಂಬರ್ ಮಾತ್ರ ಬಿಳಿ ಶರ್ಟಿನವರದ್ದು, ಅವರ ಗಂಡನದ್ದು.

ಪಂಚಾಯ್ತಿ ಮೆಂಬರ್‌ಗಳಿಗೆ ತರಬೇತಿ ಕೊಡೋ ಕೆಲಸಕ್ಕೆ ಹೋಗೋಳು ನಾನು, ಇಂಥ ದೃಶ್ಯ ಎಷ್ಟೋ ಕಡೆ ನೋಡಿದೀನಿ. ಆದ್ರೆ ಈ ಒಂದು ಪಂಚಾಯ್ತಿಗೆ ಹೆಚ್ಚುಕಮ್ಮಿ ಎರಡೂವರೆ ವರ್ಷ ಮತ್ತೆ ಮತ್ತೆ ಹೋಗೋ ಅವಕಾಶ ಸಿಕ್ತು, ಏನೇನಾಯ್ತು ಅಂತ ಹತ್ತಿರದಿಂದ ನೋಡೋಕಾಯ್ತು, ಹಾಗಾಗಿ ಪೂರ್ತಿ ಬರೀತಿದೀನಿ. ಅವರ ಒಪ್ಪಿಗೆ ತಗೊಂಡೇ ಬರೀತಿರೋದು. ಹೆಸರು, ಊರು, ತಾಲ್ಲೂಕು ಯಾವ್ದೂ ಹಾಕಲ್ಲ, ಬಯಲುಸೀಮೆಯ ಒಂದು ಪಂಚಾಯ್ತಿ ಅಂದ್ರೆ ಸಾಕು. ನಾನು ಅವರನ್ನ ಅಕ್ಕ ಅಂತಾನೇ ಕರೆಯೋದು, ಇಲ್ಲೂ ಹಾಗೇ ಇರಲಿ.

17 ಜನ ಮೆಂಬರ್‌ಗಳು, ಅದ್ರಲ್ಲಿ 9 ಜನ ಹೆಂಗಸರು. ಲೆಕ್ಕದಲ್ಲಿ ಹೆಂಗಸರದ್ದೇ ಬಹುಮತ. 2020ರ ಡಿಸೆಂಬರ್ ಚುನಾವಣೇಲಿ ಅಕ್ಕನ ವಾರ್ಡು ಹಿಂದುಳಿದ ವರ್ಗ 'ಅ' ಮಹಿಳೆಗೆ ಮೀಸಲಾಯ್ತು, ಅದಕ್ಕೂ ಮುಂಚೆ ಅದೇ ವಾರ್ಡಲ್ಲಿ ಅವರ ಗಂಡ ಮೆಂಬರ್ ಆಗಿದ್ರು, ಸೀಟು ಕೈ ತಪ್ಪತ್ತೆ ಅಂತ ಗೊತ್ತಾದ ದಿನ ರಾತ್ರಿ ಊಟಕ್ಕೆ ಕೂತಾಗ "ನೀನೇ ನಿಂತ್ಕೋ, ಮಿಕ್ಕಿದ್ದೆಲ್ಲ ನಾನು ನೋಡ್ಕೊತೀನಿ" ಅಂದ್ರಂತೆ. "ನಾಮಿನೇಷನ್‌ಗೆ ಸೈನ್ ಹಾಕು ಅಂದ್ರು, ಹಾಕ್ದೆ. ಬೇಕಾ ಅಂತ ಕೇಳಿದ್ರೆ ಏನ್ ಹೇಳ್ತಿದ್ನೋ ಗೊತ್ತಿಲ್ಲ, ಯಾರೂ ಕೇಳ್ಲಿಲ್ಲ ಮೇಡಂ" ಅಂತ ಅಕ್ಕ ಒಂದ್ಸಲ ಹೇಳಿದ್ರು. ಪಾಂಪ್ಲೆಟ್‌ನಲ್ಲಿ ಗಂಡ ಕೈ ಮುಗಿದಿರೋ ದೊಡ್ಡ ಫೋಟೋ, ಅಕ್ಕನದ್ದು ಮೂಲೆಲಿ ವೋಟರ್ ಐಡಿದು ಸ್ಕ್ಯಾನ್ ಮಾಡಿ ಹಾಕಿದ್ದು. ಗೆದ್ರು. ಅಧ್ಯಕ್ಷ ಸ್ಥಾನಕ್ಕೂ ಅದೇ ಮೀಸಲಾತಿ ಬಂತು, ಆ ಕೆಟಗರಿಲಿ ಇದ್ದಿದ್ದು ಅಕ್ಕ ಒಬ್ರೇ, ಹಾಗಾಗಿ 2021ರ ಫೆಬ್ರವರಿಲಿ ಅಧ್ಯಕ್ಷೆ ಆಗಿಬಿಟ್ರು. ಹಾರ ಮೊದಲು ಗಂಡನ ಕೊರಳಿಗೆ ಬಿತ್ತು.

ಇದು ನಡೀತಿರೋದು ಕರ್ನಾಟಕದಲ್ಲಿ ಅನ್ನೋದೇ ನಂಗೆ ಜಾಸ್ತಿ ನೋವು ಕೊಡೋದು. ಪಂಚಾಯ್ತಿಗಳಿಗಾಗಿ ಸಂವಿಧಾನಕ್ಕೆ ತಂದ 73ನೇ ತಿದ್ದುಪಡಿ ಬಗ್ಗೆ ಇಡೀ ದೇಶ ಮಾತಾಡೋಕೆ ಮುಂಚೆನೇ ನಮ್ಮಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ, ನಜೀರ್ ಸಾಬ್ ಪಂಚಾಯ್ತಿ ಮಂತ್ರಿ ಆಗಿದ್ದಾಗ 1983ರ ಪಂಚಾಯ್ತಿ ಕಾಯ್ದೆ ಬಂತು, 1987ರಲ್ಲಿ ಎಲೆಕ್ಷನ್ ಆಗಿ ಮಂಡಲ ಪಂಚಾಯ್ತಿ, ಜಿಲ್ಲಾ ಪರಿಷತ್ತುಗಳಲ್ಲಿ ಹೆಂಗಸರಿಗೆ 25% ಸೀಟು ಸಿಕ್ತು. 1993ರಲ್ಲಿ ಸಂವಿಧಾನದಿಂದಲೇ ಮೂರನೇ ಒಂದು ಭಾಗ ಆಯ್ತು, 2010ರಲ್ಲಿ ನಮ್ಮ ರಾಜ್ಯದಲ್ಲಿ ಅರ್ಧಕ್ಕರ್ಧ ಆಯ್ತು. ಅಂದ್ರೆ ನಮ್ಮ ಹಳ್ಳಿಗಳಲ್ಲಿ ಹೆಂಗಸರು ಪಂಚಾಯ್ತಿ ಕಟ್ಟೆ ಹತ್ತಿ 35 ವರ್ಷ ದಾಟಿದೆ. ಆದ್ರೂ "ಅಧ್ಯಕ್ಷ್ರು ಬಂದ್ರು" ಅಂದ್ರೆ ಜನ ಎದ್ದು ನಿಲ್ಲೋದು ಗಂಡನಿಗೆ. ಈ ಏಣಿಯ ಮೇಲಿನ ಮೆಟ್ಟಿಲು ನೋಡಿ, 2023ರಲ್ಲಿ 224 ಜನ ಶಾಸಕರಲ್ಲಿ ಗೆದ್ದು ಬಂದ ಹೆಂಗಸರು 10 ಜನ, ಮುಖ್ಯಮಂತ್ರಿ ಕುರ್ಚಿಲಿ ಇವತ್ತಿನವರೆಗೂ ಒಬ್ಬ ಹೆಣ್ಣೂ ಕೂತಿಲ್ಲ.

ಈಗ ಅಕ್ಕನ ವಿಷ್ಯಕ್ಕೆ ಬರ್ತೀನಿ. ಎಸ್ಸೆಸ್ಸೆಲ್ಸಿ ಪಾಸು, ಮದುವೆ 19ಕ್ಕೆ, ಇಬ್ರು ಮಕ್ಕಳು, 2 ಸೀಮೆ ಹಸು, ರಾಗಿ ಹೊಲ, ಸ್ವಲ್ಪ ಅಡಿಕೆ. ಮೊದಲ ಸಲ ಮಾತಾಡ್ಸಿದಾಗ ಏನ್ ಕೇಳಿದ್ರೂ "ನಮ್ಮ ಯಜಮಾನ್ರನ್ನ ಕೇಳಿ ಮೇಡಂ" ಅಂತ ಒಂದೇ ಉತ್ತರ. ಪಂಚಾಯ್ತಿಲಿ ಒಂದು ವರ್ಷದ ನಡಾವಳಿ ಪುಸ್ತಕ ತೆಗೆಸಿ ಓದ್ದೆ. ಎಲ್ಲಾ ಸಭೆಯ ಕೆಳಗೂ ಅವರ ದುಂಡು ಅಕ್ಷರದ ಸಹಿ ಇದೆ, ಅವರು ಎತ್ತಿದ ವಿಷ್ಯ ಅಂತ ಒಂದೇ ಒಂದು ಸಾಲಿಲ್ಲ. ಪಾಪ ಧೈರ್ಯ ಇಲ್ಲದ ಹೆಂಗಸು ಅಂತಾನೇ ನಾನೂ ಅಂದ್ಕೊಂಡಿದ್ದೆ, ಅದನ್ನ ಒಪ್ಕೊಬೇಕು.

ಒಂದು ಭಾನುವಾರ ಅವರ ಬೀದಿಲೇ ಇರೋ ಸ್ತ್ರೀಶಕ್ತಿ ಸಂಘದ ಸಭೆಗೆ ಹೋಗ್ಬೇಕಾಗಿ ಬಂತು. ಗುಡಿ ಜಗುಲಿ ಮೇಲೆ 15 ಜನ ಹೆಂಗಸರು ಚಾಪೆ ಹಾಸ್ಕೊಂಡು ಕೂತಿದ್ರು, ಮಧ್ಯದಲ್ಲಿ ತೊಡೆ ಮೇಲೆ ಲೆಡ್ಜರ್ ಇಟ್ಕೊಂಡು ಲೆಕ್ಕ ಬರೀತಿದ್ದಿದ್ದು ಯಾರು ಅಂದ್ರೆ ಇದೇ ಅಕ್ಕ. ಬಡ್ಡಿ ಲೆಕ್ಕ ಬಾಯಲ್ಲೇ ಹಾಕ್ತಿದಾರೆ, ಎರಡು ವಾರದಿಂದ ಕಂತು ಕಟ್ಟದೇ ಇದ್ದೋಳಿಗೆ "ನಿನ್ ಗಂಡ ಕೊಡ್ಲಿಲ್ಲ ಅನ್ನೋ ಕತೆ ಬೇಡ ಕಣೇ, ಸಾಲ ತಗೊಂಡಿದ್ದು ನೀನು, ಬುಧವಾರ ತಂದುಕೊಡು" ಅಂತ ನೇರವಾಗಿ ಹೇಳ್ತಿದಾರೆ, ಬ್ಯಾಂಕ್ ಮ್ಯಾನೇಜರ್ ಹತ್ರ ಯಾರು ಹೋಗ್ಬೇಕು, ಏನು ಕೇಳ್ಬೇಕು ಎಲ್ಲಾ ಅವರೇ ತೀರ್ಮಾನ ಮಾಡ್ತಿದಾರೆ. ನಾನು ಮೂಲೆಲಿ ಕೂತು ನೋಡ್ತಾನೇ ಇದ್ದೆ. ಜಗುಲಿಗೂ ಪಂಚಾಯ್ತಿ ಆಫೀಸಿಗೂ 300 ಮೀಟರ್ ದೂರ ಇರಬಹುದು ಅಷ್ಟೆ. ಆ 300 ಮೀಟರ್ ದಾಟೋದ್ರೊಳಗೆ ಈ ಧ್ವನಿ ಎಲ್ಲಿ ಹೋಗತ್ತೆ?

ಅವತ್ತಿಂದ ನನ್ನ ತಲೆಲಿ ಪ್ರಶ್ನೆನೇ ಬದಲಾಯ್ತು. ನಮ್ಮ ತರಬೇತಿಗಳಲ್ಲಿ ಆತ್ಮವಿಶ್ವಾಸ ಬೆಳೆಸೋದು ಅಂತ ಒಂದು ಸೆಷನ್ ಇರತ್ತೆ, ಹಾಡು ಹೇಳ್ಸೋದು, ಮೈಕ್ ಹಿಡಿಸೋದು, ಕನ್ನಡಿ ಮುಂದೆ ನಿಂತು ಮಾತಾಡಿ ಅನ್ನೋದು. ತಪ್ಪು ಅಂತ ಹೇಳಲ್ಲ, ಕೆಲವರಿಗೆ ನಿಜವಾಗ್ಲೂ ಸಹಾಯ ಆಗತ್ತೆ. ಆದ್ರೆ ಅಕ್ಕನಿಗೆ ವಿಶ್ವಾಸ ಇರಲಿಲ್ಲ ಅನ್ನೋದೇ ಸುಳ್ಳು. ಜಗುಲಿ ಮೇಲೆ ತುಂಬಿ ತುಳುಕ್ತಿತ್ತು. ಪಂಚಾಯ್ತಿ ಆಫೀಸೊಳಗೆ ಅದನ್ನ ಒಂದೊಂದಾಗಿ ಕಿತ್ಕೊಳ್ಳೋ ವ್ಯವಸ್ಥೆ ಇತ್ತು, ಮತ್ತೆ ಆ ವ್ಯವಸ್ಥೆ ಎಷ್ಟು ಸಣ್ಣ ಸಣ್ಣ ವಸ್ತುಗಳಲ್ಲಿ ಅಡಗಿರತ್ತೆ ಅಂದ್ರೆ ಯಾರ ಕಣ್ಣಿಗೂ ಅನ್ಯಾಯ ಅಂತ ಕಾಣೋದೇ ಇಲ್ಲ.

ಡಾಂಗಲ್ ತಗೊಳ್ಳಿ. ಈಗ ಪಂಚಾಯ್ತಿಲಿ ಚೆಕ್ ಪುಸ್ತಕದ ಕಾಲ ಹೋಯ್ತು, ಅಕ್ಕನ ಅವಧಿಲಿ ಕೇಂದ್ರದಿಂದ ಬರ್ತಿದ್ದ 15ನೇ ಹಣಕಾಸು ಆಯೋಗದ ದುಡ್ಡು ಒಂದು ರೂಪಾಯಿ ಆಚೆ ಹೋಗ್ಬೇಕಂದ್ರೂ ಪಿಡಿಒ ಡಿಜಿಟಲ್ ಸಹಿ ಆಗ್ಬೇಕಿತ್ತು, ಅಧ್ಯಕ್ಷರ ಡಿಜಿಟಲ್ ಸಹಿನೂ ಆಗ್ಬೇಕಿತ್ತು. ಆ ಸಹಿ ಇರೋದು ಹೆಬ್ಬೆರಳಷ್ಟು ಉದ್ದದ ಡಾಂಗಲ್‌ನಲ್ಲಿ, ಅದಕ್ಕೊಂದು ಪಿನ್ ನಂಬರ್. ಕಾಗದದ ಕಾಲದಲ್ಲಾದ್ರೆ ಗಂಡ ಏನೇ ಮಾಡ್ಲಿ, ಸಹಿಗೆ ಅಂತಾದ್ರೂ ಫೈಲು ಹೆಂಡತಿ ಕೈಗೆ ಬರ್ತಿತ್ತು, ಅಡುಗೆಮನೆ ಬಾಗಿಲಲ್ಲೇ ಆದ್ರೂ ಒಂದು ಸಲ ಕಣ್ಣಾಡಿಸೋಳು. ಡಾಂಗಲ್ ಬಂದ ಮೇಲೆ ಅದೂ ತಪ್ಪಿಹೋಯ್ತು, ಯಾರ ಜೇಬಲ್ಲಿ ಇದ್ಯೋ ಅವರೇ ಅಧ್ಯಕ್ಷ್ರು. ನಾನು ಮೊದಲ ದಿನ ಪೆನ್‌ಡ್ರೈವ್ ಅಂದ್ಕೊಂಡಿದ್ದು ಅದೇ. ತನ್ನ ಡಾಂಗಲ್‌ನ ಪಿನ್ ಅಕ್ಕನಿಗೆ ಗೊತ್ತಿರಲಿಲ್ಲ, ಒಂದು ವರ್ಷ.

ಇನ್ನು ಬೋರ್ಡ್ ಮೇಲಿನ ಫೋನ್ ನಂಬರ್. ಊರಲ್ಲಿ ನೀರು ಬರ್ಲಿಲ್ಲ, ಬೀದಿ ದೀಪ ಹೋಯ್ತು, ಚರಂಡಿ ಕಟ್ಕೊಂತು ಅಂತ ಜನ ಫೋನ್ ಮಾಡೋದು ಗಂಡನಿಗೆ, ಹಾಗಾಗಿ ಊರಿನ ಕಷ್ಟ ಏನು, ಯಾರಿಗೆ ಏನು ಬೇಕು ಅನ್ನೋ ಮಾಹಿತಿ ಎಲ್ಲಾ ಅವರ ಹತ್ರನೇ ಸೇರತ್ತೆ. ಆಮೇಲೆ ಸಭೆಲಿ "ಅವರಿಗೆ ಊರ ವಿಷ್ಯನೇ ಗೊತ್ತಿಲ್ಲ" ಅಂತ ಅಕ್ಕನ ಬಗ್ಗೆ ಹೇಳ್ತಾರೆ. ಹೇಗೆ ಗೊತ್ತಾಗ್ಬೇಕು?

ಟೈಮಿಂದೂ ಅದೇ ಕತೆ. ಸಾಮಾನ್ಯ ಸಭೆ ನೋಟಿಸಲ್ಲಿ 11 ಗಂಟೆ ಅಂತಿರತ್ತೆ, ಕೋರಂ ಆಗೋಷ್ಟ್ರಲ್ಲಿ 1 ಗಂಟೆ, ಮುಗಿಯೋದು 4 ದಾಟಿ. ಅಕ್ಕ ಬೆಳಿಗ್ಗೆ 5ಕ್ಕೆ ಎದ್ದು ಹಾಲು ಕರೆದು ಡೇರಿಗೆ ಹಾಕಿ, ಮಕ್ಕಳಿಗೆ ಡಬ್ಬಿ ಕಟ್ಟಿ, ಮುದ್ದೆ ತಿರುವಿಟ್ಟು ಬರೋರು, ಸಾಯಂಕಾಲ 5ಕ್ಕೆ ಮತ್ತೆ ಹಾಲು ಕರೀಬೇಕು, ಸಭೆ ಮಧ್ಯದಲ್ಲೇ ಗಡಿಯಾರ ನೋಡೋಕೆ ಶುರು ಮಾಡೋರು. ಮುಖ್ಯವಾದ ವಿಷ್ಯಗಳೆಲ್ಲ ಚರ್ಚೆಗೆ ಬರೋದು ಅವಾಗ್ಲೇ. ನಿಜ ಹೇಳ್ಬೇಕಂದ್ರೆ ಅದೂ ಚರ್ಚೆ ಅಲ್ಲ, ಕ್ರಿಯಾ ಯೋಜನೆಲಿ ಯಾವ ಬೀದಿಗೆ ಚರಂಡಿ, ಯಾರಿಗೆ ಕೆಲಸ ಅನ್ನೋದು ಹಿಂದಿನ ರಾತ್ರಿನೇ ಹೈವೇ ಪಕ್ಕದ ಡಾಬಾದಲ್ಲಿ ತೀರ್ಮಾನ ಆಗಿರತ್ತೆ, ಅಲ್ಲಿ 8 ಜನ ಗಂಡಸು ಮೆಂಬರ್‌ಗಳೂ ಇರ್ತಾರೆ, 9 ಜನ ಹೆಂಗಸು ಮೆಂಬರ್‌ಗಳ ಗಂಡಂದಿರೂ ಇರ್ತಾರೆ. ಆ 9 ಜನ ಹೆಂಗಸರು ರಾತ್ರಿ 9 ಗಂಟೆಗೆ ಡಾಬಾಗೆ ಹೋಗೋಕಾಗತ್ತಾ? ಹೋದ್ರೆ ಮಾರನೇ ದಿನ ಊರು ಏನನ್ನತ್ತೆ? ಹಾಗಾಗಿ ಹಗಲು ಹೊತ್ತಿನ ಸಭೆಲಿ ಅವರು ಕೂತು ಸಹಿ ಹಾಕೋದು ಬಿಟ್ರೆ ಬೇರೆ ಕೆಲಸನೇ ಉಳಿದಿರಲ್ಲ.

ಅಕ್ಕನ ಅತ್ತೆ ಕೆಟ್ಟೋರಲ್ಲ, ಆದ್ರೆ ಅಕ್ಕ ಆಫೀಸಿಗೆ ಹೊರಟ ದಿನ ಒಂದೇ ಮಾತು ಹೇಳೋರಂತೆ, "ಅಧ್ಯಕ್ಷೆ ಆದ್ರೇನು, ಹಸು ಕೇಳತ್ತಾ?"

ಗಂಡನ ಜೊತೆನೂ ನಾನು ಕೂತು ಮಾತಾಡಿದೀನಿ, ಅವರ ಕಡೆದನ್ನೂ ಇಲ್ಲಿ ಹೇಳ್ಲೇಬೇಕು. ಹೆಂಡತೀನ ಹೊಡೆಯೋ ಬಡಿಯೋ ಮನುಷ್ಯ ಅಲ್ಲ. ಎಲೆಕ್ಷನ್‌ಗೆ ಸಾಲ ಮಾಡಿ ಖರ್ಚು ಮಾಡಿದ್ರು, ಅದನ್ನ ತೀರಿಸೋ ಚಿಂತೆ ಇತ್ತು. "ಅವ್ಳನ್ನ ಕಷ್ಟಕ್ಕೆ ಯಾಕೆ ಸಿಕ್ಕಿಸ್ಬೇಕು ಮೇಡಂ, ಆಫೀಸು, ಕಂಟ್ರಾಕ್ಟರು, ಜಗಳ, ಇದೆಲ್ಲಾ ಹೆಂಗಸರಿಗೆ ಆಗೋ ಕೆಲಸ ಅಲ್ಲ, ನಾನು ಅವ್ಳಿಗೆ ಸಹಾಯ ಮಾಡ್ತಿದೀನಿ" ಅಂದ್ರು. ಮನಸ್ಸಿಂದಾನೇ ಅಂದ್ರು. ಇದನ್ನ ಕೇಳಿದಾಗ ನಂಗೆ ಅನ್ಸಿದ್ದು, ಎದುರಿಗೆ ನಿಂತು ಬೈಯೋ ಗಂಡನಿಗಾದ್ರೆ ತಿರುಗಿ ಮಾತಾಡ್ಬಹುದು, ಸಹಾಯ ಮಾಡ್ತಿದೀನಿ ಅಂತ ಡಾಂಗಲ್ ಇಟ್ಕೊಂಡಿರೋ ಗಂಡನ ಹತ್ರ ಅದನ್ನ ವಾಪಸ್ ಕೇಳೋದು ಇನ್ನೂ ಕಷ್ಟ. ಕೇಳಿದ್ರೆ ನಂಬಿಕೆ ಇಲ್ವಾ ಅಂತ ಆಗತ್ತೆ.

ತಿರುವು ಬಂದಿದ್ದು ಅಕ್ಕನಿಂದ ಅಲ್ಲ, ನನ್ನಿಂದಂತೂ ಅಲ್ಲವೇ ಅಲ್ಲ. ಹಳೇ ಪಿಡಿಒಗೆ ವರ್ಗ ಆಗಿ ಹೊಸ ಪಿಡಿಒ ಬಂದ್ರು, ವಯಸ್ಸು ಚಿಕ್ಕದು, ಹಿಂದೆ ಕೆಲಸ ಮಾಡ್ತಿದ್ದ ಕಡೆ ಆಡಿಟ್ ಆಕ್ಷೇಪಣೆಲಿ ಸಿಕ್ಕಿಹಾಕ್ಕೊಂಡು ಪಾಡು ಪಟ್ಟಿದ್ರಂತೆ. ಬಂದ ವಾರದಲ್ಲೇ ಹೇಳ್ಬಿಟ್ರು, ಅಧ್ಯಕ್ಷರ ಡಾಂಗಲ್ ಅಧ್ಯಕ್ಷರೇ ತಂದು, ಅವರೇ ಕೂತು, ಅವರೇ ಪಿನ್ ಹೊಡೀಬೇಕು, ಇಲ್ಲಾಂದ್ರೆ ನಾನು ಬಿಲ್ ಮಾಡಲ್ಲ. ಸಭೆಲಿ ಗಂಡಂದಿರು, ಸಂಬಂಧಿಕರು ಕೂರೋ ಹಾಗಿಲ್ಲ ಅಂತ ಸರ್ಕಾರದ ಸುತ್ತೋಲೆ ಇರೋದನ್ನ ಪ್ರಿಂಟ್ ತೆಗೆದು ಬಾಗಿಲಿಗೆ ಅಂಟಿಸಿದ್ರು. ಸುತ್ತೋಲೆ ಮುಂಚೆನೂ ಇತ್ತು, ಅಂಟಿಸೋರು ಇರಲಿಲ್ಲ. ಮಹಿಳಾ ಸಬಲೀಕರಣ ಅಂತೇನೂ ಅವರು ಮಾಡಿದ್ದಲ್ಲ, ತನ್ನ ಕೆಲಸ ಉಳಿಸ್ಕೊಳ್ಳೋಕೆ ಮಾಡಿದ್ದು, ಆದ್ರೆ ಅದ್ರಿಂದ ಆದ ಉಪಕಾರ ನಮ್ಮ ಹತ್ತು ತರಬೇತಿಯಿಂದ ಆಗಿರಲಿಲ್ಲ.

ಹೀಗೆ ಮೊದಲ ಸಲ ಅಕ್ಕ ಕಂಪ್ಯೂಟರ್ ಮುಂದೆ ಕೂತ್ರು. ಪಿನ್ ಹೊಡೆಯೋಕೆ ಮುಂಚೆ ಸ್ಕ್ರೀನ್ ಮೇಲೆ ಬಿಲ್ಲುಗಳ ಪಟ್ಟಿ ಬರತ್ತಲ್ಲ, ಅದನ್ನ ಓದೋಕೆ ಶುರು ಮಾಡಿದ್ರು. ಸಂಘದ ಲೆಡ್ಜರ್ ಬರೆದ ಕೈ ಅದು, ಪಟ್ಟಿ ನೋಡಿದ್ರೆ ಓದದೇ ಬಿಡೋಕಾಗಲ್ಲ. ಅಂಥ ಒಂದು ದಿನ ಕಣ್ಣಿಗೆ ಬಿದ್ದಿದ್ದು ಮಾರಮ್ಮನ ಗುಡಿ ಹತ್ರದ ಬೋರ್‌ವೆಲ್ಲಿಗೆ ಮೋಟಾರ್ ರೀವೈಂಡಿಂಗ್ ಮಾಡ್ಸಿದ ಬಿಲ್ಲು. ಮೋಟ್ರು ಸುಟ್ಟುಹೋಗಿತ್ತು, ಮೇಲೆತ್ತಿ, ಸುತ್ತಿಸಿ, ಮತ್ತೆ ಇಳಿಸಿದ್ದು, ಕೂಲಿ, ಕ್ರೇನು ಎಲ್ಲಾ ಸೇರಿ ಅಂತ ಬರೆದಿತ್ತು. ಹಳ್ಳಿ ಪಂಚಾಯ್ತಿ ಗೊತ್ತಿರೋರಿಗೆ ಗೊತ್ತು, ಸುಳ್ಳು ಬಿಲ್ ಬರೆಯೋಕೆ ಇಷ್ಟು ಸುಲಭದ ಹೆಡ್ಡು ಇನ್ನೊಂದಿಲ್ಲ. 15ನೇ ಹಣಕಾಸಿನ ದುಡ್ಡಲ್ಲಿ 60% ನೀರಿಗೆ, ನೈರ್ಮಲ್ಯಕ್ಕೆ ಅಂತಾನೇ ಕಟ್ಟಿಟ್ಟಿರ್ತಿದ್ರು, ಮೋಟ್ರು ಇರೋದು ನೂರಾರು ಅಡಿ ಕೆಳಗೆ ಭೂಮಿಯೊಳಗೆ, ಸುಟ್ಟಿತ್ತೋ ಇಲ್ವೋ ಯಾರು ಇಣುಕಿ ನೋಡ್ತಾರೆ.

ಅಕ್ಕ ಅವತ್ತು ಪಿನ್ ಹೊಡೀಲಿಲ್ಲ. ಈ ಬಿಲ್ಲು ಸಭೆ ಮುಂದೆ ಬರಲಿ ಅಂದ್ರು. ಆ ಸಭೆಲಿ ನಾನಿರಲಿಲ್ಲ, ಅಕ್ಕ ಹೇಳಿದ್ದು, ಆಮೇಲೆ ಊರಿಗೆ ನೀರು ಬಿಡೋ ನೀರುಗಂಟಿ, ಇನ್ನಿಬ್ರು ಮೆಂಬರ್‌ಗಳೂ ಅದನ್ನೇ ಹೇಳಿದ್ರು.

ಜಮಾ ಖರ್ಚು ಓದ್ತಾ ಬಿಲ್ ಕಲೆಕ್ಟರ್ ಆ ಸಾಲಿಗೆ ಬಂದಾಗ ಅಕ್ಕ "ನಿಲ್ಸಪ್ಪ" ಅಂದ್ರಂತೆ. "ಈ ಮೋಟ್ರು ಯಾವಾಗ ಸುಟ್ಟೋಗಿದ್ದು?" ತಾರೀಖು ಓದಿದ. "ಆ ವಾರ ಮಾರಮ್ಮನ ಹಬ್ಬ. ನಮ್ಮನೇಲಿ 20 ಜನ ನೆಂಟರಿದ್ರು. ದಿನಾ ಎರಡು ಹೊತ್ತು ಅದೇ ಬೋರಿನ ನೀರು ಹಿಡಿದಿದೀನಿ, ಒಂದು ದಿನ ನಿಂತಿಲ್ಲ. ಮೋಟ್ರು ಮೇಲೆತ್ತಿದ್ರೆ ನೀರು ಎಲ್ಲಿಂದ ಬಂತು?" ಹಾಲ್‌ನಲ್ಲಿ ಸದ್ದೇ ಇಲ್ಲ. ಹಿರೇ ಮೆಂಬರ್ ಒಬ್ರು "ಅಮ್ಮ, ಅದೆಲ್ಲಾ ಟೆಕ್ನಿಕಲ್ ವಿಷ್ಯ, ನಿಮಗೆ ಗೊತ್ತಾಗಲ್ಲ, ಯಜಮಾನ್ರನ್ನ ಕೇಳ್ಕೊಳ್ಳಿ" ಅಂದ್ರಂತೆ. ಅದಕ್ಕೆ ಅಕ್ಕ "ಬಿಂದಿಗೆ ಹಿಡ್ಕೊಂಡು ನಿಲ್ಲೋದು ಅವರಲ್ಲಣ್ಣ, ನಾನು" ಅಂದ್ರಂತೆ. ನೀರುಗಂಟಿನ ಕರೆಸಿದ್ರು. ಅವನು ಒಂದು ಸಲ ಎಲ್ಲರ ಮುಖ ನೋಡಿ, ಆಮೇಲೆ ನೆಲ ನೋಡ್ಕೊಂಡು "ಮೇಲೆತ್ತಿಲ್ಲಮ್ಮ, ಸ್ಟಾರ್ಟರ್ ಹೋಗಿತ್ತು, ಅದೂ ಹಬ್ಬ ಕಳೆದ ಮೇಲೆ" ಅಂದ.

ಬಿಲ್ಲು ನಿಂತ್ಹೋಯ್ತು. ನಡಾವಳಿ ಪುಸ್ತಕದಲ್ಲಿ ಮೊದಲ ಸಲ 'ಅಧ್ಯಕ್ಷರು ವಿಷಯ ಪ್ರಸ್ತಾಪಿಸಿ' ಅಂತ ಒಂದು ಸಾಲು ಬಿತ್ತು, ಆ ಪುಟ ನಾನು ಕಣ್ಣಾರೆ ನೋಡಿದೀನಿ.

ಇಲ್ಲಿ ಗಮನಿಸ್ಬೇಕಾಗಿರೋದು ಏನಂದ್ರೆ, ಆ ಹಾಲ್‌ನಲ್ಲಿ ಆ ಬಿಲ್ಲು ಸುಳ್ಳು ಅಂತ ಕಂಡುಹಿಡಿಯೋಕೆ ಬೇಕಾಗಿದ್ದ ಜ್ಞಾನ ಇದ್ದಿದ್ದು ಹೆಂಗಸರ ಹತ್ರ ಮಾತ್ರ. ಯಾವ ದಿನ ನೀರು ಬಂತು, ಎಷ್ಟು ಹೊತ್ತು ಬಂತು, ಯಾವ ಬೋರಿನ ನೀರು ಸೌಳು, ಯಾವ ಬೀದಿ ಕೊನೆ ಮನೆಗೆ ಏರಲ್ಲ, ಇದೆಲ್ಲಾ ಗಂಡಸರಿಗೆ ಗೊತ್ತಿರೋದೇ ಇಲ್ಲ, ಅವರು ಹಿಡಿಯಲ್ವಲ್ಲ. ಅಕ್ಕನನ್ನ ಬಾಯಿ ಮುಚ್ಚಿಸಿದ್ದಕ್ಕೆ ಅಕ್ಕನಿಗಷ್ಟೇ ಅನ್ಯಾಯ ಆಗಿಲ್ಲ, ಇಡೀ ಊರಿಗೆ ನಷ್ಟ ಆಗಿದೆ. ಇದು ನನ್ನೊಬ್ಬಳ ಅನಿಸಿಕೆನೂ ಅಲ್ಲ. ರಾಘವೇಂದ್ರ ಚಟ್ಟೋಪಾಧ್ಯಾಯ, ಎಸ್ತರ್ ಡುಫ್ಲೋ ಅಂತ ಇಬ್ಬರು ಅರ್ಥಶಾಸ್ತ್ರಜ್ಞರು ಪಶ್ಚಿಮ ಬಂಗಾಳ, ರಾಜಸ್ಥಾನದ 265 ಪಂಚಾಯ್ತಿಗಳನ್ನ ಅಧ್ಯಯನ ಮಾಡಿ 2004ರಲ್ಲಿ ಪ್ರಕಟಿಸಿದ್ರು, ಮೀಸಲಾತಿಯಿಂದ ಹೆಂಗಸರು ಮುಖ್ಯಸ್ಥರಾದ ಕಡೆ ಕುಡಿಯೋ ನೀರಿಗೆ ಹೆಚ್ಚು ದುಡ್ಡು ಹೋಗಿತ್ತು ಅನ್ನೋದು ಅದರ ಮುಖ್ಯ ಅಂಶ. ಡುಫ್ಲೋಗೆ 2019ರಲ್ಲಿ ನೊಬೆಲ್ ಬಂತು. ಅದಕ್ಕಿಂತ ನನ್ನ ಮನಸ್ಸಿಗೆ ನಾಟಿದ್ದು ಡುಫ್ಲೋ ಬೇರೆ ಮೂವರ ಜೊತೆ ಸೇರಿ 2012ರಲ್ಲಿ ಬರೆದ ಇನ್ನೊಂದು ಅಧ್ಯಯನ, ಬಂಗಾಳದ 495 ಹಳ್ಳಿಗಳಲ್ಲಿ ಮಾಡಿದ್ದು. ಎರಡು ಅವಧಿ ಹೆಂಗಸರೇ ಮುಖ್ಯಸ್ಥರಾಗಿದ್ದ ಊರುಗಳಲ್ಲಿ ಮಗನ ಬಗ್ಗೆ ಅಪ್ಪ ಅಮ್ಮ ಕಾಣೋ ಕನಸಿಗೂ ಮಗಳ ಬಗ್ಗೆ ಕಾಣೋ ಕನಸಿಗೂ ಇರೋ ಅಂತರ 25% ಕಮ್ಮಿ ಆಗಿತ್ತು, ಹದಿಹರೆಯದ ಮಕ್ಕಳಲ್ಲೇ ಆ ಅಂತರ 32% ಕಮ್ಮಿ. ಯಾರೂ ಭಾಷಣ ಮಾಡಿದ್ದಲ್ಲ, ಕುರ್ಚಿ ಮೇಲೆ ಹೆಂಗಸು ಕೂತಿರೋದನ್ನ ವರ್ಷಗಟ್ಟಲೆ ಕಣ್ಣಲ್ಲಿ ನೋಡಿದ್ದು ಅಷ್ಟೆ.

ಅಕ್ಕನಿಗೆ ಆಮೇಲೆ ಸುಖ ಇತ್ತಾ ಅಂದ್ರೆ ಇರಲಿಲ್ಲ. ಆ ಬಿಲ್ಲಿಗೆ ಹೂಂ ಅಂದಿದ್ದಿದ್ದು ಅವರ ಗಂಡನೇ, ಹಾಗಾಗಿ ಮನೇಲಿ ಎರಡು ದಿನ ಮಾತಿಲ್ಲ, ಗಂಡ ಊಟಕ್ಕೆ ತನ್ನ ತಮ್ಮನ ಮನೆಗೆ ಹೋಗ್ತಿದ್ರಂತೆ. ಊರಲ್ಲಿ ಹುಟ್ಕೊಂಡಿದ್ದು ಅದಕ್ಕಿಂತ ಕೆಟ್ಟದ್ದು. ಪಿಡಿಒ ಗಂಡಸು ತಾನೇ, "ಅಧ್ಯಕ್ಷೆ ಪಿಡಿಒ ರೂಮಲ್ಲೇ ಇರ್ತಾಳೆ" ಅಂತ ಶುರು ಮಾಡಿದ್ರು. ಗಂಡಸು ಅಧ್ಯಕ್ಷ ದಿನವಿಡೀ ಪಿಡಿಒ ಜೊತೆ ಕೂತ್ರೆ ಓಡಾಟ ಜಾಸ್ತಿ, ಒಳ್ಳೆ ಕೆಲಸಗಾರ ಅಂತಾರೆ. ಹೆಣ್ಣು ಅರ್ಧ ಗಂಟೆ ಕೂತ್ರೆ ಅವಳ ನಡತೆ ಮಾತಿಗೆ ಬರತ್ತೆ. ಹೆಂಗಸರ ಅಧಿಕಾರ ಮುರಿಯೋಕೆ ನಮ್ಮ ಸಮಾಜ ಇಟ್ಕೊಂಡಿರೋ ಅತಿ ಅಗ್ಗದ ಆಯುಧ ಇದು, ದುಡ್ಡು ಬೇಡ, ಸಾಕ್ಷಿ ಬೇಡ, ಡೇರಿ ಕಟ್ಟೆ ಮೇಲೆ ಒಂದು ನಗು ಸಾಕು. ಅಕ್ಕ ಒಂದು ತಿಂಗಳು ಆಫೀಸಿಗೆ ಹೋಗೋದೇ ಬಿಟ್ರು. ಫೋನ್ ಮಾಡಿದ್ರೆ "ಹುಷಾರಿಲ್ಲ ಮೇಡಂ" ಅನ್ನೋರು. ಯಾವ ಮೋಟ್ರು ಬಿಲ್ಲಿಗೂ ಹೆದರದೇ ಇದ್ದೋರು ಈ ಮಾತಿಗೆ ಕುಗ್ಗಿಹೋದ್ರು, ಯಾಕಂದ್ರೆ ಮಗಳು ಒಂಬತ್ತನೇ ಕ್ಲಾಸು, ಸ್ಕೂಲಲ್ಲಿ ಯಾರಾದ್ರೂ ಅಂದುಬಿಟ್ರೆ ಅನ್ನೋ ಭಯ.

ಅವಾಗ ಅಕ್ಕನನ್ನ ಮತ್ತೆ ಆಫೀಸಿಗೆ ಕರ್ಕೊಂಡು ಬಂದಿದ್ದು ಸಂಘದ ಹೆಂಗಸರು. ಅಕ್ಕ ಆಫೀಸಿಗೆ ಹೋಗೋ ದಿನ ಇಬ್ರು ಮೂರು ಜನ ಜೊತೆಗೆ ಹೋಗಿ, ಪಿಂಚಣಿ ಅರ್ಜಿಗೆ, ಇ-ಸ್ವತ್ತಿಗೆ, ಜಾಬ್ ಕಾರ್ಡಿಗೆ ಅಂತ ಏನಾದ್ರೂ ಒಂದು ಕೆಲಸ ಇಟ್ಕೊಂಡು ವರಾಂಡದಲ್ಲಿ ಕೂತಿರೋರು. ಯಾರೂ ಯಾರಿಗೂ ಏನೂ ಹೇಳ್ಲಿಲ್ಲ. ವರಾಂಡದಲ್ಲಿ ಹೆಂಗಸರ ಧ್ವನಿ ಕೇಳಿಸ್ತಿದ್ರೆ ಆಫೀಸಿನ ಗಾಳಿನೇ ಬೇರೆ ಆಗತ್ತೆ, ಅದನ್ನ ಅನುಭವಿಸಿದೋರಿಗೇ ಗೊತ್ತು.

ಅವಿಶ್ವಾಸಕ್ಕೆ ಸಹಿ ಸಂಗ್ರಹನೂ ನಡೀತು. ಅದು ಪಾಸಾಗೋಕೆ 17ರಲ್ಲಿ ಮೂರನೇ ಎರಡು ಭಾಗ ಅಂದ್ರೆ 12 ಜನ ಬೇಕು. 10ರವರೆಗೆ ಬಂತು. ಹೆಂಗಸು ಮೆಂಬರ್‌ಗಳ ಸಹಿಗೆ ಅವರ ಹತ್ರ ಯಾರೂ ಹೋಗಿಲ್ಲ, ಗಂಡಂದಿರ ಹತ್ರ ಹೋಗಿದ್ರು. ಅದ್ರಲ್ಲಿ ಇಬ್ರು ಮಾತ್ರ ಗಂಡ ಹೇಳಿದ್ರೂ ಸಹಿ ಹಾಕಲ್ಲ ಅಂದುಬಿಟ್ರು. ಒಬ್ರು ಅಕ್ಕನ ಸಂಘದಲ್ಲೇ ಇದ್ದೋರು. ಇನ್ನೊಬ್ರು ಪರಿಶಿಷ್ಟ ಜಾತಿಯ ಮೆಂಬರ್, ಅವರ ಮಾತು ನಂಗೆ ಮರೆಯಲ್ಲ, "ಸಭೆಲಿ ನಂಗೆ ಚೇರ್ ಹಾಕ್ಸಿದ್ದು ಅವರೊಬ್ರೇ, ಅದಕ್ಕೂ ಮುಂಚೆ ನಾನು ಬಾಗಿಲ ಹತ್ರ ಬೆಂಚಲ್ಲಿ ಕೂರ್ತಿದ್ದೆ." ಅಕ್ಕನ ಕಷ್ಟದ ಬಗ್ಗೆ ಇಷ್ಟೊಂದು ಬರೀತಿದೀನಿ, ಆದ್ರೆ ಅದೇ ಹಾಲ್‌ನಲ್ಲಿ ಜಾತಿಯ ಭಾರನೂ ಹೊತ್ಕೊಂಡು ಕೂತಿದ್ದ ಈ ಹೆಣ್ಮಗಳ ಕತೆ ಅಕ್ಕನದ್ದಕ್ಕಿಂತ ಎರಡು ಪಟ್ಟು ಕಷ್ಟದ್ದು. 2020ರಲ್ಲಿ ತಮಿಳುನಾಡಿನ ಕಡಲೂರು ಜಿಲ್ಲೆಲಿ ದಲಿತ ಅಧ್ಯಕ್ಷೆಯೊಬ್ಬರನ್ನ ಸಭೆಲಿ ನೆಲದ ಮೇಲೆ ಕೂರಿಸಿದ್ದ ಫೋಟೋ ದೇಶ ಎಲ್ಲಾ ಓಡಾಡ್ತು. ಫೋಟೋಗೆ ಬೀಳದೇ ಇರೋದು ಎಷ್ಟಿದೆಯೋ.

ಉಳಿದ ಒಂದು ವರ್ಷದಲ್ಲಿ ಆದ ಬದಲಾವಣೆಗಳು ಕೇಳೋಕೆ ಸಣ್ಣವು. ಸಭೆ 10:30ಕ್ಕೆ ಶುರುವಾಗಿ 2ಕ್ಕೆ ಮುಗೀಬೇಕು ಅಂತ ಠರಾವು ಆಯ್ತು. ಅಜೆಂಡಾ ಬಂದ ದಿನ ಸಂಜೆ ಹೆಂಗಸು ಮೆಂಬರ್‌ಗಳು ಅಕ್ಕನ ಮನೆ ಪಡಸಾಲೆಲಿ ಸೇರಿ ಒಬ್ರು ಜೋರಾಗಿ ಓದೋದು, ಮಿಕ್ಕೋರು ಕೇಳೋದು ಶುರುವಾಯ್ತು. ಡಾಬಾಗೆ ಎದುರಾಗಿ ಇವರದ್ದೊಂದು ಜಾಗ ಆಯ್ತು ಅನ್ನಿ. ಎಲ್ಲಾ 9 ಜನ ಬರ್ತಿರಲಿಲ್ಲ, 4, 5 ಜನ, ಒಂದೊಂದ್ಸಲ 3. ನೀರುಗಂಟಿ ಹತ್ರ ಒಂದು ನೋಟ್‌ಬುಕ್ ಇಡಿಸಿದ್ರು, ಯಾವ ಬೋರು ಯಾವ ದಿನ ಕೆಟ್ಟಿತ್ತು ಅಂತ ಬರೆದು ಆ ಬೀದಿಯ ಒಬ್ಬ ಹೆಂಗಸಿನ ಸಹಿ ಹಾಕಿಸ್ಬೇಕು, ಇಲ್ದಿದ್ರೆ ಬಿಲ್ ಇಲ್ಲ. ಡಾಬಾ ಮೀಟಿಂಗ್ ನಿಲ್ಲಲಿಲ್ಲ. ಚರಂಡಿ ಕೆಲಸಗಳು ಯಾರಿಗೆ ಹೋಗ್ಬೇಕೋ ಅವರಿಗೇ ಹೋದ್ವು, ಅದನ್ನ ಅಕ್ಕನ ಕೈಲಿ ಮುಟ್ಟೋಕೂ ಆಗ್ಲಿಲ್ಲ.

ಈ ಗಂಡಂದಿರ ಆಡಳಿತದ ಬಗ್ಗೆ ದೆಹಲಿಗೂ ಗೊತ್ತಿಲ್ಲದೇ ಏನಿಲ್ಲ. ಇದು ನಿಲ್ಲಬೇಕು ಅಂತ ಪ್ರಧಾನಿಯೇ 2015ರ ಪಂಚಾಯತ್ ರಾಜ್ ದಿನ ಹೇಳಿದ್ರು. 2023ರಲ್ಲಿ ಸುಪ್ರೀಂ ಕೋರ್ಟಿಗೆ ವಿಷ್ಯ ಹೋಗಿ, ಕೇಂದ್ರ ಪಂಚಾಯತ್ ರಾಜ್ ಮಂತ್ರಾಲಯ ಒಂದು ಸಮಿತಿ ಮಾಡ್ತು, 2025ರ ಆರಂಭದಲ್ಲಿ ವರದಿ ಬಂತು, ಹೆಂಡತಿ ಬದಲು ಗಂಡ ಅಧಿಕಾರ ನಡೆಸ್ತಿದ್ರೆ ಕಠಿಣ ದಂಡ ಹಾಕ್ಬೇಕು ಅಂತ ಅದರಲ್ಲಿದೆ. ದಂಡ ಬೇಕು, ನಾನು ಬೇಡ ಅನ್ನಲ್ಲ. ನನ್ನ ಭಯ ಏನಂದ್ರೆ ಆ ದಂಡ ಕೊನೆಗೆ ಯಾರ ತಲೆ ಮೇಲೆ ಬೀಳತ್ತೆ ಅನ್ನೋದು. ಗಂಡ ಕೂತಿದ್ದ ಅಂತ ಹೆಂಡತಿ ಸದಸ್ಯತ್ವ ಹೋದ್ರೆ ಶಿಕ್ಷೆ ಅನುಭವಿಸೋಳು ಅವಳೇ ಅಲ್ವಾ, ಜೊತೆಗೆ ಮನೇಲಿ "ನಿನ್ನಿಂದ ಮಾನ ಹೋಯ್ತು" ಅನ್ನೋದು ಬೇರೆ. ಡಾಂಗಲ್ ಬೇರೆಯವರ ಕೈಲಿ ಇದ್ರೂ ಬಿಲ್ ಮಾಡಿಕೊಡೋ ಅಧಿಕಾರಿ, ಗಂಡನಿಗೆ ಚೇರ್ ಹಾಕೋ ಆಫೀಸು, ಅಲ್ಲಿಂದ ಶುರು ಮಾಡ್ಬೇಕು ಅಂತ ನಂಗನ್ಸತ್ತೆ. ಅಕ್ಕನ ಪಂಚಾಯ್ತಿಲಿ ಕೆಲಸ ಮಾಡಿದ್ದು ಅದೇ, ಒಬ್ಬ ಪಿಡಿಒ ಇಲ್ಲ ಅಂದಿದ್ದು.

2023ರ ಆಗಸ್ಟಲ್ಲಿ ಅಕ್ಕನ ಅಧ್ಯಕ್ಷಗಿರಿಯ 30 ತಿಂಗಳ ಅವಧಿ ಮುಗೀತು. ಅಧ್ಯಕ್ಷ ಸ್ಥಾನ ಸಾಮಾನ್ಯಕ್ಕೆ ಬಂತು, ಡಾಬಾ ಕಡೆಯವರಲ್ಲಿ ಒಬ್ರು ಅಧ್ಯಕ್ಷ್ರಾದ್ರು. ಸಾಮಾನ್ಯ ಅಂದ್ರೆ ಯಾರು ಬೇಕಾದ್ರೂ ನಿಲ್ಬಹುದು, ಹೆಂಗಸರೂ ನಿಲ್ಬಹುದು, ಆದ್ರೆ ಊರಲ್ಲಿ ಎಲ್ಲರೂ ಅದನ್ನ 'ಗಂಡಸರ ಸೀಟು' ಅಂತಾನೇ ಕರೆಯೋದು. ಅಕ್ಕ ನಿಲ್ತೀನಿ ಅಂದಾಗ "ನಿಮ್ದು ಆಯ್ತಲ್ಲಮ್ಮ" ಅಂದ್ರಂತೆ. ಬರೀ 6 ವೋಟು ಬಿತ್ತು.

ಬೋರ್ಡಲ್ಲಿ ಅಕ್ಕನ ಹೆಸರು ಅಳಿಸೋಕೆ ಕೆಲವೇ ತಿಂಗಳು ಮುಂಚೆ ಪೇಂಟರ್‌ನ ಕರೆಸಿ ಗಂಡನ ನಂಬರ್ ತೆಗೆಸಿ ತನ್ನ ನಂಬರ್ ಬರೆಸಿದ್ರು. ಹೆಸರು ಹೋಯ್ತು, ನಂಬರ್ ಜನರ ಫೋನಲ್ಲಿ ಉಳ್ಕೊಂತು. ಕಳೆದ ಸಲ ಹೋದಾಗ ನಾನು ಪಡಸಾಲೆಲಿ ಕಾಫಿ ಕುಡೀತಾ ಕೂತಿದ್ದೆ, ಅಕ್ಕ ಕೊಟ್ಟಿಗೆಲಿದ್ರು, ಫೋನ್ ರಿಂಗಾಯ್ತು, ಅವರ ಯಜಮಾನ್ರು ಎತ್ತಿ ಒಂದು ನಿಮಿಷ ಕೇಳಿ "ತಡೀರಿ, ಅವ್ಳಿಗೇ ಕೊಡ್ತೀನಿ" ಅಂತ ಎದ್ದು ಕೊಟ್ಟಿಗೆ ಕಡೆ ಹೋದ್ರು. "ಮೇಲಿನ ಬೀದಿಗೆ ನೀರು ಏರ್ತಿಲ್ವಂತೆ ಕಣೇ."

ಯಜಮಾನ್ರು ವಾಪಸ್ ಬಂದು ಕೂತು, ಮುಂದಿನ ಎಲೆಕ್ಷನ್‌ಗೆ ವಾರ್ಡು ಜನರಲ್ ಆಗಬಹುದು, ಹಾಗೇನಾದ್ರೂ ಆದ್ರೆ ನಾನೇ ನಿಲ್ಬೇಕು ಅಂತಿದೀನಿ ಅಂದ್ರು. ಕೈ ಒರೆಸ್ಕೊಂಡು ಬರ್ತಿದ್ದ ಅಕ್ಕ ಬಾಗಿಲಲ್ಲೇ ನಿಂತು "ನಾನೂ ಅಂತಿದೀನಿ" ಅಂದ್ರು. ಇಬ್ರೂ ನನ್ನ ಮುಖ ನೋಡಿದ್ರು. ಆ ಮನೇಲಿ ಆ ವಿಷ್ಯ ಇನ್ನೂ ತೀರ್ಮಾನ ಆಗಿಲ್ಲ.